ಕಾಲು ಪದ್ಯ ಕೊಟ್ಟು ಮುಕ್ಕಾಲು ಕೇಳುವ ಆಟ

ಪದ್ಯದ ಒಂದು ತುಂಡನ್ನು ಮುಂದಿಟ್ಟು, ಉಳಿದದ್ದನ್ನು ನೀನು ತುಂಬು ಎಂದು ಸವಾಲು ಹಾಕುವ ಆಟಕ್ಕೆ ಸಮಸ್ಯಾಪೂರಣ ಎಂದು ಹೆಸರು. ಪದ್ಯದ ಸಾಲಿಗೆ ಪಾದ ಎನ್ನುವುದರಿಂದ ಪಾದಪೂರ್ತಿ ಎಂದೂ ಕರೆಯುತ್ತಾರೆ. ಕೊಡುವುದು ಹೆಚ್ಚಾಗಿ ನಾಲ್ಕನೆಯ ಪಾದ. ತುಂಬಬೇಕಾದದ್ದು ಅದರ ಹಿಂದಿನ ಮೂರು. ಅಮರಕೋಶದಲ್ಲಿ ‘ಸಮಸ್ಯಾ’ ಎಂಬ ಪದ ಒಗಟಿನ ಹೆಸರಾದ ‘ಪ್ರಹೇಲಿಕಾ’ದಿಂದ ಹೆಚ್ಚು ದೂರವಿಲ್ಲದೆ ಕೂತಿದೆ. ಕೂಡಿಸುವುದು, ಒಂದುಮಾಡುವುದು ಅದರ ಮೂಲದ ಅರ್ಥ. ನೀರಿನ ಸಮಸ್ಯೆ, ಕರೆಂಟಿನ ಸಮಸ್ಯೆ ಎಂದು ದಿನವೂ ಬಾಯಿಗೆ ಬರುವ ಮಾತು ಹುಟ್ಟಿದ್ದು ಕವಿಗಳ ಈ ಆಟದ ಮನೆಯಲ್ಲಿ.

ಆಟದ ಕಟ್ಟಳೆ ಸರಳ, ಆದರೆ ಬಿಗಿ. ಕೊಟ್ಟ ಸಾಲಿನ ಒಂದಕ್ಷರವನ್ನೂ ಬದಲಿಸುವಂತಿಲ್ಲ. ಅದು ಯಾವ ಛಂದಸ್ಸಿನಲ್ಲಿದೆಯೋ ಉಳಿದ ಸಾಲುಗಳೂ ಅದರಲ್ಲೇ ಇರಬೇಕು. ಕನ್ನಡ, ತೆಲುಗುಗಳಲ್ಲಾದರೆ ಆದಿಪ್ರಾಸವೂ ಕೂಡಬೇಕು. ಕೊಟ್ಟ ಸಾಲು ಅಸಂಬದ್ಧವಾಗಿದ್ದರೆ ತುಂಬಿದ ಮೇಲೆ ಸಂಬದ್ಧವಾಗಬೇಕು, ಅಶ್ಲೀಲವಾಗಿ ಕೇಳಿಸಿದ್ದರೆ ಶುಚಿಯಾಗಬೇಕು. ಶಾಲೆಯ ಪ್ರಶ್ನೆಪತ್ರಿಕೆಯ ‘ಬಿಟ್ಟ ಸ್ಥಳ ತುಂಬಿರಿ’ಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಅಲ್ಲಿ ಸರಿಯುತ್ತರ ಒಂದೇ, ಅದು ಪುಸ್ತಕದಲ್ಲಿ ಮೊದಲೇ ಇದೆ. ಸಮಸ್ಯಾಪೂರಣದಲ್ಲಿ ಪುಸ್ತಕದಲ್ಲಿದ್ದದ್ದನ್ನೇ ತಂದಿಟ್ಟವನು ಸೋತಂತೆ. ಕೊಟ್ಟದ್ದು ಕಾಳಿದಾಸನ ಸಾಲೇ ಆಗಿದ್ದರೂ ಅದರ ಹಿಂದೆ ಕಾಳಿದಾಸ ಬರೆದದ್ದು ಬರಕೂಡದು.

ಈ ಆಟ ಎಷ್ಟು ಹಳೆಯದೆಂಬುದಕ್ಕೆ ವಾತ್ಸ್ಯಾಯನನ ಕಾಮಸೂತ್ರವೇ ಸಾಕ್ಷಿ. ನಾಗರಿಕರು ಕಲಿಯಬೇಕಾದ 64 ಕಲೆಗಳ ಪಟ್ಟಿಯಲ್ಲಿ ಹಾಡು, ಕುಣಿತ, ಹೂಕಟ್ಟುವುದು, ಅಡುಗೆ ಇವುಗಳ ಜೊತೆಗೆ ‘ಕಾವ್ಯಸಮಸ್ಯಾಪೂರಣ’ವೂ ಇದೆ. ಒಗಟು ಹೇಳುವುದು, ಇಂದಿನ ಅಂತ್ಯಾಕ್ಷರಿಯನ್ನು ಹೋಲುವ ‘ಪ್ರತಿಮಾಲಾ’, ನಾಲಗೆ ತೊಡರುವ ಮಾತುಗಳನ್ನು ಉರುಳಿಸುವ ‘ದುರ್ವಾಚಕಯೋಗ’ ಅದೇ ಪಟ್ಟಿಯವು. ಪಂಡಿತರಷ್ಟೇ ಅಲ್ಲ, ಗೋಷ್ಠಿಗೆ ಹೋಗುವ ಯಾವ ರಸಿಕನಿಗೂ ಗಣಿಕೆಗೂ ಇವು ಗೊತ್ತಿರಬೇಕಿತ್ತು. ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ಹೊತ್ತು ಕಳೆಯುವ ಬಗೆ ಇದು ಎಂದರೂ ತಪ್ಪಲ್ಲ.

7ನೆಯ ಶತಮಾನದ ಬಾಣ ತನ್ನ ಕಾದಂಬರಿಯ ಆರಂಭದಲ್ಲಿ ಶೂದ್ರಕ ರಾಜನ ದಿನಚರಿಯನ್ನು ಹೇಳುವಾಗ ಇಂಥ ಆಟಗಳ ಒಂದು ಗೊಂಚಲನ್ನೇ ಕೊಡುತ್ತಾನೆ: ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಮತಿ, ಗೂಢಚತುರ್ಥಪಾದ, ಪ್ರಹೇಲಿಕೆ. ಇವುಗಳಲ್ಲಿ ಹೆಚ್ಚಿನವು ಇದ್ದದ್ದನ್ನು ಕಳಚುವ ಇಲ್ಲವೇ ಬಿಟ್ಟದ್ದನ್ನು ತುಂಬುವ ಆಟಗಳೇ. ಅಕ್ಷರಚ್ಯುತಕದಲ್ಲಿ ಒಂದಕ್ಷರ ಕಳಚಿದರೆ ಬೇರೆ ಅರ್ಥ ಹೊರಡುತ್ತದೆ. ಕನ್ನಡದಲ್ಲಿ ‘ಕವನ’ದ ಮೊದಲಕ್ಷರ ತೆಗೆದರೆ ‘ವನ’ ಉಳಿಯುವಂತೆ. ಮಾತ್ರಾಚ್ಯುತಕದಲ್ಲಿ ಕಳಚುವುದು ಬರೀ ಒಂದು ಮಾತ್ರೆ: ‘ಮಾರ’ನ ಇಳಿ ತೆಗೆದರೆ ಮನ್ಮಥ ಹೋಗಿ ‘ಮರ’ ನಿಲ್ಲುತ್ತದೆ. ಗೂಢಚತುರ್ಥಪಾದದಲ್ಲಿ ನಾಲ್ಕನೆಯ ಸಾಲಿನ ಅಕ್ಷರಗಳು ಮೊದಲ ಮೂರು ಸಾಲುಗಳಲ್ಲಿ ಚದುರಿ ಅಡಗಿರುತ್ತವೆ; ಹೆಕ್ಕಿ ಜೋಡಿಸಬೇಕು.

ಬಿಂದುಮತಿ ಇವುಗಳಲ್ಲೆಲ್ಲ ಸೊಗಸಾದದ್ದು. ಅದರಲ್ಲಿ ವ್ಯಂಜನಗಳ ಜಾಗದಲ್ಲಿ ಚುಕ್ಕೆಗಳನ್ನಿಟ್ಟು ಸ್ವರಚಿಹ್ನೆಗಳನ್ನು ಮಾತ್ರ ಉಳಿಸುತ್ತಾರೆ. ಕನ್ನಡ ಲಿಪಿಯಲ್ಲಿ ಇದನ್ನು ಆಡಿದರೆ ಹೀಗೆ: ಮೂರು ಚುಕ್ಕೆ, ಮೊದಲನೆಯದಕ್ಕೆ ಇಳಿ, ಎರಡನೆಯದಕ್ಕೆ ಏತ್ವ ಮತ್ತು ದೀರ್ಘ, ಮೂರನೆಯದಕ್ಕೆ ಗುಡಿಸು. ಅದು ‘ಕಾವೇರಿ’ ಆಗಬಹುದು, ‘ಮಾದೇವಿ’ಯೂ ಆಗಬಹುದು. ಒಂದು ಪದವಾದರೆ ಎರಡೂ ಸರಿ. ಇಡೀ ಪದ್ಯವನ್ನೇ ಹೀಗೆ ಬರೆದುಕೊಟ್ಟಾಗ ಅಕ್ಕಪಕ್ಕದ ಪದಗಳು ಮತ್ತು ಛಂದಸ್ಸು ಸೇರಿ ಒಂದನ್ನು ಗಟ್ಟಿ ಮಾಡುತ್ತವೆ. ಕಾವ್ಯಗಳು ಕಂಠದಲ್ಲಿದ್ದವರಿಗೆ ಇದು ಸಲೀಸು, ಇಲ್ಲದವರಿಗೆ ಬರೀ ಚುಕ್ಕೆಗಳ ರಂಗೋಲಿ. ಧರ್ಮದಾಸನ ‘ವಿದಗ್ಧಮುಖಮಂಡನ’ವೆಂಬ ಗ್ರಂಥ ಇಂಥ ಒಗಟುಗಳಿಗೇ ಮೀಸಲು.

ಆಟವಾಗಿದ್ದದ್ದು ಕವಿಗಳ ಗರಡಿಮನೆಯ ಸಾಮೂ ಆಯಿತು. 10ನೆಯ ಶತಮಾನದ ಆರಂಭದ ಹೊತ್ತಿಗೆ ರಾಜಶೇಖರ ತನ್ನ ಕಾವ್ಯಮೀಮಾಂಸೆಯಲ್ಲಿ ಕವಿಯ ದಿನಚರಿಯನ್ನು ಜಾವಜಾವವಾಗಿ ಹಂಚುತ್ತಾನೆ. ಊಟದ ನಂತರದ ಕಾವ್ಯಗೋಷ್ಠಿಗೆ ಹೇಳಿರುವ ಕೆಲಸಗಳಲ್ಲಿ ಪ್ರಶ್ನೋತ್ತರದ ಜೊತೆ ಸಮಸ್ಯೆಯೂ ಇದೆ. 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಇನ್ನೂ ಕೆಳಗಿನ ಮೆಟ್ಟಿಲಿನಿಂದ ಶುರುಮಾಡುತ್ತಾನೆ. ಅವನ ‘ಕವಿಕಂಠಾಭರಣ’ ಕವಿಯಾಗಬಯಸುವವರಿಗೆ ಬರೆದ ಕೈಪಿಡಿ. ಮೊದಲು ಅರ್ಥದ ಗೊಡವೆಯಿಲ್ಲದೆ ಬರೀ ಛಂದಸ್ಸಿಗೆ ಪದ ತುಂಬಿಸಿ ಕೈ ಕುದುರಿಸಿಕೊಳ್ಳಬೇಕು. ಆಮೇಲೆ ಹಳೆಯ ಶ್ಲೋಕವೊಂದನ್ನು ತೆಗೆದುಕೊಂಡು ಅದರ ಪದಗಳನ್ನು ಕಿತ್ತು, ಅದೇ ಅಳತೆಯ ಬೇರೆ ಪದಗಳನ್ನು ಕೂರಿಸಬೇಕು. ಮಾದರಿಗೆ ಅವನು ಆರಿಸಿಕೊಂಡದ್ದು ಯಾರ ಬಾಯಲ್ಲೂ ಇರುವ ಶ್ಲೋಕವನ್ನು, ರಘುವಂಶದ ಮೊದಲನೆಯದನ್ನು. ಅದರ ಪದಗಳನ್ನು ಸಮಾನಾರ್ಥದ ಬೇರೆ ಪದಗಳಿಂದ ಬದಲಿಸಿ ತೋರಿಸಿದ್ದಾನೆ. ಫಲಿತಾಂಶ ಕಾವ್ಯವಾಗಿ ಏನೂ ಅಲ್ಲ. ಅದು ಕಾವ್ಯವಾಗಲೆಂಬ ಉದ್ದೇಶವೂ ಅವನಿಗಿಲ್ಲ. ಕಾಳಿದಾಸ ಆ ಪದವನ್ನೇ ಏಕೆ ಇಟ್ಟನೆಂಬುದು ಅದನ್ನು ಕಿತ್ತು ನೋಡಿದವನಿಗೆ ತಿಳಿಯುವಷ್ಟು ಸುಮ್ಮನೆ ಓದಿದವನಿಗೆ ತಿಳಿಯದು. 1958ರಲ್ಲಿ ಅಮೆರಿಕದಲ್ಲಿ ಅಚ್ಚಾಗಿ ಜನಪ್ರಿಯವಾದ ‘ಮ್ಯಾಡ್ ಲಿಬ್ಸ್’ ಪುಸ್ತಕಗಳಲ್ಲೂ ಚೌಕಟ್ಟನ್ನು ಉಳಿಸಿ ಪದಗಳನ್ನು ಬದಲಿಸುವ ಆಟವೇ ಇದೆ. ಅಲ್ಲಿ ಬೇಕಾದದ್ದು ನಗು, ಕ್ಷೇಮೇಂದ್ರನಿಗೆ ಬೇಕಾದದ್ದು ಕಿವಿ.

ಜನರ ಬಾಯಲ್ಲಿ ಸಮಸ್ಯೆಯೆಂದರೆ ಭೋಜ ಮತ್ತು ಕಾಳಿದಾಸ. 16ನೆಯ ಶತಮಾನದ ಬಲ್ಲಾಳ ಬರೆದ ‘ಭೋಜಪ್ರಬಂಧ’ ಈ ಕಥೆಗಳ ಕಣಜ. 11ನೆಯ ಶತಮಾನದ ಧಾರಾನಗರದ ದೊರೆ ಭೋಜನ ಆಸ್ಥಾನದಲ್ಲಿ ಕಾಳಿದಾಸನನ್ನೂ ಬಾಣನನ್ನೂ ಭವಭೂತಿಯನ್ನೂ ಒಟ್ಟಿಗೆ ಕೂರಿಸಿದ ಈ ಪುಸ್ತಕವನ್ನು ಇತಿಹಾಸವೆಂದು ಓದಲಾಗದು. ಸಮಸ್ಯೆಯ ಹುಚ್ಚು ಜನರಿಗೆ ಎಷ್ಟಿತ್ತೆಂಬುದಕ್ಕೆ ಮಾತ್ರ ಅದು ಒಳ್ಳೆಯ ದಾಖಲೆ. ಬರೀ ‘ಟಟಂ ಟಟಂ’ ಎಂಬ ಸದ್ದನ್ನೇ ಒಂದು ಪಾದವನ್ನಾಗಿ ಮಾಡಿ ಕೊಟ್ಟ ಪ್ರಸಂಗ ಬಹಳ ಪ್ರಸಿದ್ಧ. ಅದರಲ್ಲಿ ಅರ್ಥವೆಂಬುದೇ ಇಲ್ಲ. ಪೂರಣ ಬಂದದ್ದು ಹೀಗೆ: ಪಟ್ಟಾಭಿಷೇಕದ ಗಡಿಬಿಡಿಯಲ್ಲಿ ತರುಣಿಯೊಬ್ಬಳ ಕೈಯಿಂದ ಚಿನ್ನದ ಕೊಡ ಜಾರಿತು; ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳುತ್ತ ಅದು ಮಾಡಿದ ಸದ್ದೇ ಆ ಸಾಲು. ಉರುಳುವ ಕೊಡದ ಸದ್ದು ಮೊದಲು ಬಿಡಿಬಿಡಿಯಾಗಿ, ಆಮೇಲೆ ಒತ್ತೊತ್ತಾಗಿ, ಕೊನೆಗೆ ಒಮ್ಮೆ ನಿಲ್ಲುವ ಕ್ರಮವೂ ಕೊಟ್ಟ ಸಾಲಿನ ಗುರುಲಘುಗಳಲ್ಲಿ ಇದೆ. ಅರ್ಥವಿಲ್ಲದ ಅಕ್ಷರಗಳಿಗೆ ಕಿವಿಗೊಟ್ಟು ಒಂದು ಕೊಡವನ್ನು ಕಂಡವನು ಸಾಮಾನ್ಯನಲ್ಲ.

ಸಿಂಹಳದ ಐತಿಹ್ಯದಲ್ಲಿ ಇದೇ ಆಟ ರಕ್ತ ಹರಿಸುತ್ತದೆ. ‘ಜಾನಕೀಹರಣ’ದ ಕವಿಯೆಂದು ಹೆಸರಾದ ಕುಮಾರದಾಸ ರಾಜ ಗಣಿಕೆಯೊಬ್ಬಳ ಮನೆಯ ಗೋಡೆಯ ಮೇಲೆ ಅರ್ಧ ಪದ್ಯ ಬರೆದು, ತುಂಬಿದವರಿಗೆ ಬಹುಮಾನವಿದೆ ಎಂದನಂತೆ. ತಾವರೆಯಲ್ಲಿ ತಾವರೆ ಹುಟ್ಟುವುದನ್ನು ಕೇಳಿಬಲ್ಲೆವೇ ಹೊರತು ಕಂಡಿಲ್ಲ ಎಂಬುದು ಅದರ ತಾತ್ಪರ್ಯ. ಅಲ್ಲಿಗೆ ಬಂದ ಕಾಳಿದಾಸ, ನಿನ್ನ ಮುಖದ ತಾವರೆಯಲ್ಲಿ ಕಣ್ಣೆಂಬ ಎರಡು ನೈದಿಲೆಗಳಿವೆಯಲ್ಲ ಎಂದು ತುಂಬಿದ. ಬಹುಮಾನದಾಸೆಗೆ ಗಣಿಕೆ ಅವನನ್ನು ಕೊಂದಳು. ಸಾಲು ಓದಿದ ರಾಜನಿಗೆ ಇದು ಕಾಳಿದಾಸನ ಕೈಯೇ ಎಂದು ಗೊತ್ತಾಗಿಹೋಯಿತು. ಗೆಳೆಯನ ಚಿತೆಗೆ ತಾನೂ ಹಾರಿದ. ಕಥೆ ಎಷ್ಟೇ ಕಟ್ಟುಕಥೆಯಾಗಲಿ, ತುಂಬಿದ ಸಾಲು ತುಂಬಿದವನ ಗುರುತನ್ನು ಹೇಳುತ್ತದೆಂಬ ಅದರ ನಂಬಿಕೆ ಮಾತ್ರ ಆಟ ಬಲ್ಲವರದೇ.

ಇವೆಲ್ಲ ಒಂದು ಸಾಲು, ಒಂದು ಪದ್ಯದ ಮಾತು. ಒಂದು ಮಹಾಕೃತಿಯನ್ನೇ ಸಮಸ್ಯೆಯಾಗಿ ಎತ್ತಿಕೊಂಡು, ಅದರ ಒಂದು ಸಾಲನ್ನೂ ಬಿಡದೆ ಹೊಸ ಕಾವ್ಯದೊಳಗೆ ಹೆಣೆದ ಸಾಹಸ ನಡೆದದ್ದು ರಾಷ್ಟ್ರಕೂಟರ ಕಾಲದ ಕರ್ನಾಟಕದಲ್ಲಿ. ಮಾಡಿದವನು ಆಚಾರ್ಯ ಜಿನಸೇನ. ಗುರು ವೀರಸೇನ ಅರ್ಧಕ್ಕೆ ಬಿಟ್ಟುಹೋದ ‘ಜಯಧವಲಾ’ ವ್ಯಾಖ್ಯಾನವನ್ನು 837ರಲ್ಲಿ ಮುಗಿಸಿದವನು, ಆದಿಪುರಾಣವನ್ನು ಬರೆದವನು, ಅಮೋಘವರ್ಷ ನೃಪತುಂಗನ ಗುರು. ಅವನ ‘ಪಾರ್ಶ್ವಾಭ್ಯುದಯ’ದಲ್ಲಿ ನಾಲ್ಕು ಸರ್ಗ, 364 ಪದ್ಯಗಳಿವೆ. ಕಾಳಿದಾಸನ ಮೇಘದೂತ ಪೂರ್ತಿಯಾಗಿ, 120 ಪದ್ಯಗಳಷ್ಟೂ, ಅದರೊಳಗಿದೆ. ಪ್ರತಿ ಪದ್ಯದಲ್ಲಿ ಮೇಘದೂತದ ಒಂದು ಸಾಲು, ಕೆಲವೆಡೆ ಎರಡು, ಉಳಿದವು ಜಿನಸೇನನವು. ಛಂದಸ್ಸೂ ಅದೇ ಮಂದಾಕ್ರಾಂತ: ಸಾಲಿಗೆ 17 ಅಕ್ಷರ, ನಾಲ್ಕಕ್ಕೊಮ್ಮೆ, ಮತ್ತೆ ಆರಕ್ಕೊಮ್ಮೆ ಯತಿ, ಕೊನೆಗೆ ಏಳು. ಒಂದು ಸಾವಿರದ ಆಸುಪಾಸಿನಷ್ಟು ಸಾಲುಗಳನ್ನು ಅವನು ಕಾಳಿದಾಸನ ಸಾಲುಗಳ ಅಕ್ಕಪಕ್ಕದಲ್ಲಿ, ಬೆಸುಗೆ ಕಾಣದಂತೆ ಕೂರಿಸಬೇಕಿತ್ತು.

ಕಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ಮೇಘದೂತ ಶೃಂಗಾರದ ಕಾವ್ಯ, ಹೆಂಡತಿಯನ್ನು ಅಗಲಿದ ಯಕ್ಷನ ಹಂಬಲ. ಜಿನಸೇನ ಹೇಳಹೊರಟದ್ದು ಎಲ್ಲ ಹಂಬಲಗಳನ್ನೂ ಗೆದ್ದ 23ನೆಯ ತೀರ್ಥಂಕರ ಪಾರ್ಶ್ವನಾಥನ ಕಥೆ. ಕಮಠ ಮತ್ತು ಮರುಭೂತಿ ಅಣ್ಣತಮ್ಮಂದಿರು. ತಮ್ಮನ ಹೆಂಡತಿ ವಸುಂಧರೆಯನ್ನು ಬಯಸಿ ಕೆಟ್ಟ ಕಮಠನನ್ನು ಅರವಿಂದ ರಾಜ ಊರಿನಿಂದ ಹೊರಗೆ ಹಾಕಿಸುತ್ತಾನೆ. ಕ್ಷಮೆ ಕೇಳಲು ಹುಡುಕಿಕೊಂಡು ಬಂದ ತಮ್ಮನನ್ನು ಕಮಠ ಕಲ್ಲು ಹಾಕಿ ಕೊಲ್ಲುತ್ತಾನೆ. ಹಗೆ ಜನ್ಮಜನ್ಮಕ್ಕೂ ಸಾಗುತ್ತದೆ. ಮರುಭೂತಿ ಪಾರ್ಶ್ವನಾಗಿ ಧ್ಯಾನಕ್ಕೆ ನಿಂತಾಗ ಕಮಠ ಶಂಬರನೆಂಬ ಹೆಸರಿನಲ್ಲಿ ಆಕಾಶದಲ್ಲಿ ಬರುತ್ತಾನೆ. ಮೇಘದೂತದ ಸಾಲುಗಳೆಲ್ಲ ಇನ್ನು ಈ ಶಂಬರನ ಪಾಲು. ಕಾಳಿದಾಸನಲ್ಲಿ ಮೋಡಕ್ಕೆ ಹೇಳಿದ ದಾರಿ, ನದಿ, ಬೆಟ್ಟ, ಉಜ್ಜಯಿನಿ, ಅಲಕೆ ಎಲ್ಲವೂ ಇಲ್ಲಿ ಧ್ಯಾನಸ್ಥನನ್ನು ಕದಲಿಸಲು ಒಡ್ಡಿದ ಆಮಿಷಗಳಾಗುತ್ತವೆ: ನನ್ನೊಡನೆ ಕಾದಿ ಸಾಯಿ, ಸತ್ತು ಮೋಡವಾಗಿ ಈ ಸೊಬಗನ್ನೆಲ್ಲ ನೋಡುತ್ತ ಹೋಗು ಎಂದು.

ಮೊದಲ ಪದ್ಯವೊಂದನ್ನು ಹತ್ತಿರದಿಂದ ನೋಡಿದರೂ ಸಾಕು, ಕೈಚಳಕ ತಿಳಿಯುತ್ತದೆ. ಪಾರ್ಶ್ವ ಮರಕತದ ಕಂಬದಂತೆ ಅಲುಗದೆ ನಿಂತಿದ್ದಾನೆ. ಆಕಾಶದಲ್ಲಿ ಸುತ್ತುತ್ತಿದ್ದ ದೈತ್ಯ, ಹಗೆಯಿಂದ ಬೆಂದವನು, ಅವನನ್ನು ಕಂಡ. ನಾಲ್ಕನೆಯ ಪಾದವಾಗಿ ಬರುವುದು ಮೇಘದೂತದ ಮೊದಲನೆಯ ಸಾಲು. ಆ ಸಾಲಿನಲ್ಲಿ, ನಲ್ಲೆಯ ಅಗಲಿಕೆಯಿಂದ ಭಾರವಾದ ಎಂಬರ್ಥದ ವಿಶೇಷಣವೊಂದು ತೃತೀಯಾ ವಿಭಕ್ತಿಯಲ್ಲಿದೆ. ಕಾಳಿದಾಸನಲ್ಲಿ ಅದಕ್ಕೆ ವಿಶೇಷ್ಯ ಮುಂದಿನ ಸಾಲಿನ ‘ಶಾಪ’. ಮುಂದಿನ ಸಾಲನ್ನು ಕತ್ತರಿಸಿದೊಡನೆ ವಿಶೇಷಣ ಹಿಡಿಯುವ ಕೊಂಬೆಯಿಲ್ಲದೆ ಗಾಳಿಯಲ್ಲಿ ತೂಗುತ್ತದೆ. ಜಿನಸೇನ ತನ್ನ ಮೂರನೆಯ ಸಾಲಿನಲ್ಲಿ ಅದೇ ವಿಭಕ್ತಿಯಲ್ಲಿ ‘ವೈರ’ವನ್ನು ತಂದಿಟ್ಟು ಅದನ್ನು ಅಲ್ಲಿಗೆ ಸಿಕ್ಕಿಸಿದ್ದಾನೆ. ಶಾಪ ಹೋಯಿತು, ಹಗೆ ಬಂತು. ನಲ್ಲೆ ಯಕ್ಷನ ಮಡದಿಯಾಗಿದ್ದವಳು ವಸುಂಧರೆಯಾದಳು. ಕೆಲಸದಲ್ಲಿ ಮೈಮರೆತ ಯಕ್ಷನ ಜಾಗದಲ್ಲಿ ಧರ್ಮ ಮರೆತ ದೈತ್ಯ ನಿಂತ. ಕಾಳಿದಾಸನ ಸಾಲಿನ ಒಂದಕ್ಷರವೂ ಕದಲಿಲ್ಲ. ಇಂಥದ್ದನ್ನು 364 ಪದ್ಯಗಳುದ್ದಕ್ಕೂ ಎಳೆದಾಗ ಅಲ್ಲಲ್ಲಿ ಅರ್ಥ ಗಿಂಜಿದಂತಾಗುವುದು ನಿಜ; ಟೀಕೆಯ ಊರುಗೋಲಿಲ್ಲದೆ ದಾಟಲಾಗದ ಪದ್ಯಗಳೂ ಇವೆ. ಇಟ್ಟುಕೊಂಡ ಕಟ್ಟಳೆಯ ಬಿಗಿಯನ್ನು ನೆನೆದರೆ ಅದು ಆಶ್ಚರ್ಯವಲ್ಲ.

ಈ ಕಾವ್ಯಕ್ಕೆ ಶ್ರವಣಬೆಳಗೊಳದ ಯೋಗಿರಾಟ್ ಪಂಡಿತಾಚಾರ್ಯ ಬರೆದ ಟೀಕೆಯಲ್ಲಿ ಒಂದು ಸ್ವಾರಸ್ಯದ ಕಥೆಯಿದೆ. ಕಾಳಿದಾಸ ಮೇಘದೂತವನ್ನು ಹಿಡಿದು ಅಮೋಘವರ್ಷನ ಸಭೆಗೆ ಬಂದು ಗರ್ವದಿಂದ ಓದಿದನಂತೆ. ಗರ್ವ ಮುರಿಯಬೇಕೆಂದು ವಿನಯಸೇನನೆಂಬ ಮುನಿ ಜಿನಸೇನನನ್ನು ಪ್ರೇರಿಸಿದ. ಒಮ್ಮೆ ಕೇಳಿದ್ದನ್ನು ಮರೆಯದ ಜಿನಸೇನ, ಇದು ಹಳೆಯ ಕಾವ್ಯವೊಂದರಿಂದ ಕದ್ದದ್ದು ಎಂದುಬಿಟ್ಟ. ಹಾಗಾದರೆ ತೋರಿಸು ಎಂದಾಗ, ಪುಸ್ತಕ ದೂರದೂರಿನಲ್ಲಿದೆ, ಎಂಟು ದಿನ ಬೇಕು ಎಂದ. ಎಂಟು ದಿನದಲ್ಲಿ ಪಾರ್ಶ್ವಾಭ್ಯುದಯ ಸಿದ್ಧವಾಗಿ ಸಭೆಯಲ್ಲಿ ಓದಲ್ಪಟ್ಟಿತು. ಕಾಳಿದಾಸ ತಲೆತಗ್ಗಿಸಿದ ಮೇಲೆ ಜಿನಸೇನ ನಿಜ ಹೇಳಿದ. ಈ ಕಥೆಯನ್ನು ಸುಳ್ಳುಮಾಡುವ ಸಾಕ್ಷಿಯೂ ಕರ್ನಾಟಕದ್ದೇ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ 634ರಲ್ಲಿ ಕಲ್ಲಿಗೆ ಹಾಕಿಸಿದ ಶಾಸನ ಕಾಳಿದಾಸ, ಭಾರವಿಗಳ ಹೆಸರನ್ನು ಕೀರ್ತಿವಂತ ಕವಿಗಳ ಹೆಸರೆಂದು ಎತ್ತುತ್ತದೆ. ಅಮೋಘವರ್ಷ ಪಟ್ಟಕ್ಕೆ ಬಂದದ್ದು 814ರಲ್ಲಿ. ರವಿಕೀರ್ತಿಯೂ ಜೈನ, ಜಿನಾಲಯ ಕಟ್ಟಿಸಿದವನು ಎಂಬುದು ಇಲ್ಲಿ ನೆನೆಯಬೇಕಾದ ಮಾತು. ಕಾಳಿದಾಸನ ಗರ್ವಭಂಗದ ಕಥೆ ಹುಟ್ಟುವ ಬಹಳ ಮೊದಲೇ ಈ ನಾಡಿನ ಜೈನ ಕವಿಯೊಬ್ಬ ಅವನನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದ.

ಪಾರ್ಶ್ವಾಭ್ಯುದಯದಿಂದ ಆದ ದೊಡ್ಡ ಉಪಕಾರ ಜಿನಸೇನನ ಉದ್ದೇಶದಲ್ಲೇ ಇರಲಿಲ್ಲ. ಹೆಚ್ಚು ಕೈಗಳಲ್ಲಿ ಓಡಾಡಿದ ಕಾವ್ಯಕ್ಕೆ ಹೆಚ್ಚು ಪ್ರಕ್ಷೇಪ. ಮೇಘದೂತಕ್ಕೂ ಹಾಗೇ ಆಗಿದೆ. 10ನೆಯ ಶತಮಾನದ ಕಾಶ್ಮೀರದ ವಲ್ಲಭದೇವನ ವ್ಯಾಖ್ಯಾನದಲ್ಲಿ 111 ಪದ್ಯಗಳಿದ್ದರೆ ಮಲ್ಲಿನಾಥನ ವ್ಯಾಖ್ಯಾನದಲ್ಲಿ ಅದಕ್ಕಿಂತ ಹೆಚ್ಚು. ಇವರಿಬ್ಬರಿಗಿಂತಲೂ ಹಿಂದಿನವನು ಜಿನಸೇನ. 9ನೆಯ ಶತಮಾನದಲ್ಲಿ ದಕ್ಷಿಣದ ವಿದ್ವಾಂಸರ ಮುಂದೆ ಯಾವ ಮೇಘದೂತವಿತ್ತೋ ಅದು ಸಾಲುಸಾಲಾಗಿ, ಕ್ರಮ ತಪ್ಪದೆ ಅವನ ಕಾವ್ಯದಲ್ಲಿ ಸಿಕ್ಕಿಕೊಂಡು ಉಳಿದಿದೆ. ಕೊಟ್ಟ ಸಾಲನ್ನು ತಿದ್ದಬಾರದೆಂಬ ಆಟದ ಕಟ್ಟಳೆ ಅದನ್ನು ಕಾಪಾಡಿತು. ವಿದ್ವಾಂಸ ಕೆ. ಬಿ. ಪಾಠಕರು 1894ರಲ್ಲಿ ಪುಣೆಯಿಂದ ಮೇಘದೂತವನ್ನು ಪ್ರಕಟಿಸಿದಾಗ ಆಧಾರವಾಗಿ ಇಟ್ಟುಕೊಂಡದ್ದು ಪಾರ್ಶ್ವಾಭ್ಯುದಯದೊಳಗಿನ ಈ ಪಾಠವನ್ನು. 1916ರಲ್ಲಿ ಅದರ ಎರಡನೆಯ ಮುದ್ರಣ ಬಂತು. ನಡುವೆ 1898ರಲ್ಲಿ ಅದೇ ಅಮೋಘವರ್ಷನ ಆಸ್ಥಾನದ ಕನ್ನಡ ಕೃತಿ ಕವಿರಾಜಮಾರ್ಗವನ್ನು ಸಂಪಾದಿಸಿ ಹೊರತಂದವರೂ ಪಾಠಕರೇ.

ಜಿನಸೇನ ತುಳಿದ ದಾರಿಯಲ್ಲಿ ಮುಂದೆ ಜೈನ ಕವಿಗಳು ಸಾಲಾಗಿ ನಡೆದರು. ಯಾರೂ ಅವನಷ್ಟು ಭಾರ ಹೊರಲಿಲ್ಲ. ವಿಕ್ರಮನ ‘ನೇಮಿದೂತ’ವೂ ಚಾರಿತ್ರಸುಂದರನ ‘ಶೀಲದೂತ’ವೂ ಮೇಘದೂತದ ಪದ್ಯಗಳ ಕೊನೆಯ ಸಾಲನ್ನಷ್ಟೇ ತೆಗೆದುಕೊಳ್ಳುತ್ತವೆ. 17ನೆಯ ಶತಮಾನದ ಮೇಘವಿಜಯ ಮಾಘನ ಶಿಶುಪಾಲವಧದ ಸಾಲುಗಳಿಂದ ‘ದೇವಾನಂದಮಹಾಕಾವ್ಯ’ವನ್ನೂ, ಶ್ರೀಹರ್ಷನ ನೈಷಧದ ಸಾಲುಗಳಿಂದ ‘ಶಾಂತಿನಾಥಚರಿತ್ರೆ’ಯನ್ನೂ ಕಟ್ಟಿದ. ಅವನ ‘ಮೇಘದೂತಸಮಸ್ಯಾಲೇಖ’ ಇವುಗಳಿಗಿಂತ ಚಿಕ್ಕದು, ಇವುಗಳಿಗಿಂತ ಚೆಲುವಾದದ್ದು. ಅದು ಗುರುವಿಗೆ ಬರೆದ ಕಾಗದ. ಮಳೆಗಾಲದ ಚಾತುರ್ಮಾಸದಲ್ಲಿ ಜೈನ ಮುನಿಗಳು ಇದ್ದ ಊರು ಬಿಟ್ಟು ಕದಲುವಂತಿಲ್ಲ. ಶಾಪಗ್ರಸ್ತ ಯಕ್ಷನ ಹಾಗೆ ಒಂದೆಡೆ ಕಟ್ಟಿಬಿದ್ದ ಶಿಷ್ಯ, ದೂರದ ಗುರುವಿಗೆ ಮೋಡದ ಕೈಯಲ್ಲಿ ಕ್ಷೇಮಸಮಾಚಾರ ಕಳಿಸುತ್ತಾನೆ. ಕಾಳಿದಾಸನ ಸಾಲುಗಳು ಈ ಸಂದರ್ಭಕ್ಕೆ ಒಗ್ಗಿಕೊಂಡಷ್ಟು ಸಹಜವಾಗಿ ಬೇರೆಲ್ಲೂ ಒಗ್ಗಿಲ್ಲ.

ಕನ್ನಡ ನಾಡಿನ ಅರಮನೆಗಳಲ್ಲಿ ಇಂಥ ವಿನೋದ ನಡೆಯುತ್ತಿತ್ತೆಂಬುದನ್ನು ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ (1129) ಹೇಳುತ್ತದೆ. ರಾಜನ ಕ್ರೀಡೆಗಳಲ್ಲಿ ಚದುರಂಗ, ಪಗಡೆಗಳ ಜೊತೆ ಪ್ರಹೇಲಿಕೆಗೂ ಅದರಲ್ಲಿ ಸ್ಥಾನವಿದೆ. ಕನ್ನಡ ಪದ್ಯದಲ್ಲೇ ಸಮಸ್ಯೆ ಎಂದಾಗ ಮೊದಲು ನೆನಪಾಗುವುದು ಕಂತಿ. ಅಭಿನವಪಂಪನೆಂದು ಹೆಸರಾದ ನಾಗಚಂದ್ರ ಅರ್ಧ ಪದ್ಯ ಹೇಳುತ್ತಿದ್ದ, ಕಂತಿ ಉಳಿದರ್ಧ ತುಂಬುತ್ತಿದ್ದಳು. ಆ ಪದ್ಯಗಳಿಗೆ ‘ಕಂತಿ ಹಂಪನ ಸಮಸ್ಯೆಗಳು’ ಎಂದು ಹೆಸರು. ಪಂಪ ಇಲ್ಲಿ ಹಂಪನಾಗಿರುವುದು ಹಳಗನ್ನಡದ ಪಕಾರ ಹಕಾರವಾದ ಮೇಲಿನ ಬಾಯಿಮಾತಿನ ಗುರುತು. ‘ಕಂತಿ’ ಎಂಬುದು ಶ್ರವಣಬೆಳಗೊಳದ ಶಾಸನಗಳಲ್ಲಿ ಜೈನ ಸನ್ಯಾಸಿನಿಯರಿಗೆ ಹೇಳುವ ಮಾತು, ಆದ್ದರಿಂದ ಅದು ಹೆಸರೋ ಪದವಿಯೋ ಎಂಬ ಪ್ರಶ್ನೆ ಹಾಗೇ ಇದೆ. ಅವಳದೆಂದು ಹೇಳುವ ಬೇರೆ ಕೃತಿಯಿಲ್ಲ. ಕಥೆಯೆಲ್ಲ 19ನೆಯ ಶತಮಾನದ ಪೂರ್ವಾರ್ಧದಲ್ಲಿ ದೇವಚಂದ್ರ ಬರೆದ ‘ರಾಜಾವಳೀಕಥೆ’ಯಂಥ ತೀರ ಈಚಿನ ಬರಹಗಳ ಮೇಲೆ ನಿಂತಿದೆ.

ಕಥೆಯಂತೂ ಮರೆಯುವಂಥದ್ದಲ್ಲ. ಮಂದಬುದ್ಧಿಯ ಮಕ್ಕಳಿಗೆಂದು ಉಪಾಧ್ಯಾಯ ಕಾಸಿಟ್ಟಿದ್ದ ಜ್ಯೋತಿಷ್ಮತಿ ತೈಲವನ್ನು ಹುಡುಗಿ ಒಂದೇ ಸಲಕ್ಕೆ ಕುಡಿದಳು. ಮೈಯ ಉರಿ ತಾಳಲಾರದೆ ಬಾವಿಗೆ ಹಾರಿ ಕತ್ತಿನವರೆಗಿನ ನೀರಿನಲ್ಲಿ ನಿಂತು ಪದ್ಯ ಹೇಳತೊಡಗಿದಳು. ಸುದ್ದಿ ದೋರಸಮುದ್ರದ ಬಲ್ಲಾಳರಾಯನಿಗೆ ಮುಟ್ಟಿ, ಪರೀಕ್ಷೆಗೆ ನಾಗಚಂದ್ರ ಬಂದ. ಎಸೆದ ಸಮಸ್ಯೆಗಳೆಲ್ಲಕ್ಕೂ ಪೂರಣ ಸಿಕ್ಕಿತು. ಅವಳ ಬಾಯಿಂದ ಒಂದೇ ಒಂದು ಹೊಗಳಿಕೆ ಪಡೆಯಲಾಗದೆ ಅವನು ಕೊನೆಗೆ ಸತ್ತಂತೆ ಮಲಗಿದ. ಹೆಣದ ಮುಂದೆ ಬಂದ ಕಂತಿ ಅವನ ಕವಿತ್ವವನ್ನು ನೆನೆದು ಮರುಗಿದಳು. ‘ಹೆಣ’ ಎದ್ದು ಕೂತು, ಗೆದ್ದೆ ಎಂದಿತು. ಆಟದಲ್ಲಿ ಗೆದ್ದದ್ದು ಮಾತ್ರ ಯಾರೆಂದು ಕೇಳುವವರಿಗೆ ಗೊತ್ತೇ ಇದೆ.

ಅರ್ಧ ಪದ್ಯ ತುಂಬುವುದರಲ್ಲಿ ಕೆಲವು ಪಟ್ಟುಗಳು ಪರಂಪರೆಯಲ್ಲಿ ಗಟ್ಟಿಯಾಗಿವೆ. ಅಸಂಬದ್ಧ ಮಾತನ್ನು ಕುಡುಕನ ಬಾಯಿಗೋ ಕನಸಿಗೋ ಹಾಕಿಬಿಡುವುದು ಸುಲಭದ ದಾರಿ; ಬಲ್ಲವರು ಅದಕ್ಕೆ ಮಾರ್ಕು ಕೊಡುವುದಿಲ್ಲ. ಹಿಂದಿನ ಮೂರು ಸಾಲುಗಳಲ್ಲಿ ಪ್ರಶ್ನೆಗಳನ್ನಿಟ್ಟು ಕೊಟ್ಟ ಸಾಲಿನ ಪದಗಳನ್ನೇ ಒಂದೊಂದಾಗಿ ಉತ್ತರವಾಗಿಸುವುದು ಇನ್ನೊಂದು. ಎಲ್ಲಕ್ಕಿಂತ ಮೆಚ್ಚುಗೆ ಪಡೆಯುವುದು ಹಿಂದಿನ ಸಾಲಿನ ಕೊನೆಯಲ್ಲಿ ಒಂದಕ್ಷರ ಸೇರಿಸಿ ಕೊಟ್ಟ ಸಾಲಿನ ಮೊದಲ ಪದದ ಜಾತಿಯನ್ನೇ ಬದಲಿಸುವ ಪಟ್ಟು. ಮಾದರಿಗೆ ಹೊಸದಾಗಿ ಒಂದು ಸಾಲನ್ನು ಕಟ್ಟಿಕೊಳ್ಳಬಹುದು:

ರಾವಣನನ್ನೇರಿ ಬಂದನಿಂದ್ರಂ ಭರದಿಂ

ಇಂದ್ರನೆಲ್ಲಿ, ರಾವಣನೆಲ್ಲಿ, ಹಗೆಯ ಬೆನ್ನೇರಿ ಬರುವುದುಂಟೇ? ಸಾಲಿನ ಅಳತೆ ಕಂದಪದ್ಯದ ನಾಲ್ಕನೆಯ ಪಾದದ್ದು: ನಾಲ್ಕು ಮಾತ್ರೆಯ ಐದು ಗಣ. ನಡುವಿನ ‘ರಿ ಬಂದ’ ಲಘು, ಗುರು, ಲಘು. ಕಂದದ ನಿಯಮಕ್ಕೆ ಅದು ಒಪ್ಪುತ್ತದೆ. ಇದರ ಹಿಂದೆ 12 ಮಾತ್ರೆಯ ಸಾಲು ಬರಬೇಕು, ಆದಿಪ್ರಾಸಕ್ಕಾಗಿ ಎರಡನೆಯ ಅಕ್ಷರ ವಕಾರವಾಗಬೇಕು, ಅದರ ಹಿಂದಿನದು ಗುರುವಾಗಬೇಕು. ತುಂಬಿದರೆ:

ದೇವರ ಪಡೆಯೊಳಗಿಂದೈ-
ರಾವಣನನ್ನೇರಿ ಬಂದನಿಂದ್ರಂ ಭರದಿಂ

ಐರಾವಣವೆಂಬುದು ಐರಾವತದ ಇನ್ನೊಂದು ಹೆಸರು, ಅಮರಕೋಶದಲ್ಲೇ ಇದೆ. ‘ಒಳಗಿಂದ’ದ ಕೊನೆಯ ಅಕಾರ ಲೋಪಸಂಧಿಯಲ್ಲಿ ಐಕಾರಕ್ಕೆ ಜಾಗ ಬಿಟ್ಟುಕೊಟ್ಟದ್ದೇ ತಡ, ರಾಕ್ಷಸ ಆನೆಯಾದ. ಮೊದಲೆರಡು ಸಾಲುಗಳಿಗೆ ಬೇಕಾದದ್ದು ಈಗ ಬರೀ ಯುದ್ಧದ ವರ್ಣನೆ.

ಉರ್ದು ಲೋಕದಲ್ಲಿ ಇದೇ ಆಟ ಬೇರೆ ವೇಷದಲ್ಲಿದೆ. ತರಹಿ ಮುಷಾಯಿರಾಗಳಲ್ಲಿ ಮೊದಲೇ ಒಂದು ಸಾಲು, ‘ಮಿಸ್ರಾ-ಎ-ತರಹ್’, ಕೊಟ್ಟಿರುತ್ತಾರೆ; ಕವಿಗಳೆಲ್ಲ ಅದರ ಅಳತೆ ಮತ್ತು ಪ್ರಾಸದಲ್ಲಿ ಗಜಲ್ ಕಟ್ಟಿ ತರಬೇಕು. ಹಿರಿಯ ಕವಿಯೊಬ್ಬನ ದ್ವಿಪದಿಗೆ ತನ್ನ ಸಾಲುಗಳನ್ನು ಬೆಸೆಯುವುದಕ್ಕೆ ‘ತಜ್ಮೀನ್’ ಎನ್ನುತ್ತಾರೆ. ಹಿಂದಿಯಲ್ಲಿ ಭಾರತೇಂದು ಹರಿಶ್ಚಂದ್ರರ (1850–1885) ಕಾಶಿಯ ಗೋಷ್ಠಿಗಳಿಂದ ಸಮಸ್ಯಾಪೂರ್ತಿ ಪತ್ರಿಕೆಗಳ ಪುಟಕ್ಕೂ ಹಬ್ಬಿತು. ಅಚ್ಚಿನಲ್ಲಿ ಬಂದ ಮೇಲೆ ಆಟದ ಒಂದು ಮುಖ್ಯ ಅಂಗ ಸಡಿಲವಾಯಿತು: ಮನೆಯಲ್ಲಿ ಕೂತು ಮುಂದಿನ ಸಂಚಿಕೆಯ ತನಕ ತುಂಬುವುದಕ್ಕೂ, ಕೊಟ್ಟವನ ಕಣ್ಣೆದುರು ತುಂಬುವುದಕ್ಕೂ ಬಹಳ ಅಂತರ. ತೆಲುಗಿನಲ್ಲಿ ಆಕಾಶವಾಣಿ ಸಮಸ್ಯಾಪೂರಣವನ್ನು ಕಾರ್ಯಕ್ರಮವಾಗಿಯೇ ನಡೆಸಿತು. ಕೇಳುಗರು ಅಂಚೆಯಲ್ಲಿ ಕಳಿಸಿದ ಪದ್ಯಗಳು ಬಾನುಲಿಯಲ್ಲಿ ಓದಲ್ಪಟ್ಟವು.

ಎದುರೆದುರೇ ಆಡುವ ಹಳೆಯ ಬಿಸಿ ಉಳಿದಿರುವುದು ಅವಧಾನದಲ್ಲಿ, ಹಲವರ ಸವಾಲುಗಳನ್ನು ಒಬ್ಬನೇ ಏಕಕಾಲಕ್ಕೆ ನಿಭಾಯಿಸುವ ಕಲೆಯಲ್ಲಿ. ಅಷ್ಟಾವಧಾನದಲ್ಲಿ ಪ್ರಶ್ನೆ ಹಾಕುವ ಎಂಟು ಮಂದಿ ಪೃಚ್ಛಕರು, ಶತಾವಧಾನದಲ್ಲಿ ನೂರು. ಆಂಧ್ರದಲ್ಲಿ ತಿರುಪತಿ ವೆಂಕಟ ಕವುಲು ಎಂದೇ ಜೋಡಿಹೆಸರಾದ ದಿವಾಕರ್ಲ ತಿರುಪತಿ ಶಾಸ್ತ್ರಿ ಮತ್ತು ಚೆಳ್ಳಪಿಳ್ಳ ವೆಂಕಟ ಶಾಸ್ತ್ರಿಗಳು 19ನೆಯ ಶತಮಾನದ ಕೊನೆ, 20ನೆಯದರ ಆರಂಭದಲ್ಲಿ ಸಂಸ್ಥಾನದಿಂದ ಸಂಸ್ಥಾನಕ್ಕೆ ತಿರುಗಿ ಇದನ್ನು ಜನಸಾಮಾನ್ಯರ ಆಸಕ್ತಿಯ ಕಲೆಯನ್ನಾಗಿ ಮಾಡಿದರು. ಕನ್ನಡದಲ್ಲಿ ಅದು ನೆಲೆಯೂರಿದ್ದು ಶತಾವಧಾನಿ ರಾ. ಗಣೇಶರಿಂದ. 1980ರ ದಶಕದಿಂದ ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ನಡೆಸಿರುವ ಅವರು ‘ಕನ್ನಡದಲ್ಲಿ ಅವಧಾನಕಲೆ’ ಎಂಬ ಪ್ರಬಂಧಕ್ಕೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಡಿ.ಲಿಟ್ ಪಡೆದರು.

ಅವಧಾನದಲ್ಲಿ ತುಂಬುವ ಆಟಗಳು ಒಂದಲ್ಲ, ಹಲವು. ನಿಷೇಧಾಕ್ಷರಿಯಲ್ಲಿ ಅವಧಾನಿ ಒಂದಕ್ಷರ ಹೇಳಿದೊಡನೆ ಪೃಚ್ಛಕ ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಅದು ಬೇಡ ಎನ್ನುತ್ತಾನೆ. ಸಿಕ್ಕ ಸಂದಿಯಲ್ಲೇ ಪದ್ಯ ನುಸುಳಬೇಕು. ದತ್ತಪದಿಯಲ್ಲಿ ನಾಲ್ಕು ಪದ ಕೊಟ್ಟು, ಅವನ್ನು ನಾಲ್ಕು ಸಾಲುಗಳಲ್ಲಿ ಬಳಸಿ ಬೇರೆಯೇ ವಿಷಯದ ಪದ್ಯ ಹೇಳು ಎನ್ನುತ್ತಾರೆ. ‘ಕಾರು’, ‘ಲಾರಿ’ ಎಂದು ಕೊಟ್ಟು ಮಹಾಭಾರತದ ಸಂಧಾನದ ಪ್ರಸಂಗ ಕೇಳಿದರೆ, ಭೀಮ ಕಿಡಿ ಕಾರುತ್ತಿರುವಲ್ಲಿ ಮೊದಲನೆಯದು ಅಡಗಬಹುದು; ಕೃಷ್ಣ ಕೌರವರಿಗೆ ನೀವು ಗೆಲ್ಲಲಾರಿರಿ ಎನ್ನುವಲ್ಲಿ ಎರಡನೆಯದು. ಸಮಸ್ಯೆಯದೂ ಇದೇ ಲೆಕ್ಕ. ಪೃಚ್ಛಕ ಸಾಲನ್ನು ಹೇಳಿದಾಗ ಸಭೆ ನಗುತ್ತದೆ. ಅವಧಾನಿ ಒಂದು ಸುತ್ತಿಗೆ ಒಂದೇ ಸಾಲು ಹೇಳಿ ಮುಂದಿನ ಪೃಚ್ಛಕನ ಕಡೆ ತಿರುಗುತ್ತಾನೆ. ನಡುವೆ ಅಪ್ರಸ್ತುತ ಪ್ರಸಂಗದವನು, ನಿಮ್ಮ ಊಟವಾಯಿತೇ ಎಂದೋ ಮದುವೆ ಯಾವಾಗ ಎಂದೋ ಕೆಣಕಿ ಏಕಾಗ್ರತೆ ಕೆಡಿಸುತ್ತಿರುತ್ತಾನೆ. ನಡುನಡುವೆ ಬಾರಿಸುವ ಗಂಟೆಯ ಬಡಿತಗಳನ್ನೂ ಎಣಿಸುತ್ತಿರಬೇಕು. ಮೊದಲ ಸುತ್ತಿನಲ್ಲಿ ಹೇಳಿದ ಸಾಲಿಗೆ ಎರಡನೆಯದು ಸೇರುವ ಹೊತ್ತಿಗೆ ಎಂಟೂ ಪೃಚ್ಛಕರ ಮಾತು ದಾಟಿ ಬಂದಿರುತ್ತದೆ. ನಾಲ್ಕು ಸುತ್ತು ಮುಗಿದ ಮೇಲೆ ಧಾರಣೆ: ಕಾಗದ ಪೆನ್ನಿಲ್ಲದೆ, ಅಲ್ಲಿಯವರೆಗೆ ತುಂಡುತುಂಡಾಗಿ ಹೇಳಿದ ಎಲ್ಲ ಪದ್ಯಗಳನ್ನೂ ಅವಧಾನಿ ಮೊದಲಿನಿಂದ ಕೊನೆಯವರೆಗೆ ಒಪ್ಪಿಸುತ್ತಾನೆ. ಕೊಟ್ಟ ಸಾಲು ಆಗ ತನ್ನ ಜಾಗದಲ್ಲಿ, ನಾಲ್ಕನೆಯದಾಗಿ, ಬರುತ್ತದೆ.